ಹೊಸ ಫೋನ್ ಬಂದ ಮೇಲೆ ಮನೆಯ ಆ್ಯಪ್ ಕೈಕೊಟ್ಟಿದೆ: ರಿಪೇರಿ ಮಾಡಲಾ, ಹೊಸದಾಗಿ ಬರೆಯಲಾ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಗಣಿತದ ಟೀಚರ್. ಕೋಡ್ ಬರೆಯುವುದು ನನ್ನ ಕಸುಬಲ್ಲ, ಬಿಡುವಿನಲ್ಲಿ ಕಲಿತದ್ದು. ಅಪ್ಪನಿಗೆ ಮಂಡಿನೋವು ಜಾಸ್ತಿ. ಕೂತಲ್ಲಿಂದ ಎದ್ದು ಸ್ವಿಚ್ ತನಕ ಹೋಗುವುದೇ ಅವರಿಗೆ ದೊಡ್ಡ ಕೆಲಸ. ಹಾಗಾಗಿ ಅವರಿಗೆಂದೇ ಒಂದು ಆ್ಯಪ್ ಬರೆದೆ. ತೆರೆದರೆ ನಾಲ್ಕೇ ಬಟನ್: ಹಾಲ್ ದೀಪ, ಫ್ಯಾನ್, ಬಚ್ಚಲ ದೀಪ, ನೀರಿನ ಪಂಪ್. ಎಲ್ಲ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ. ಬೇರೆ ಯಾವ ಮೆನುವೂ ಇಲ್ಲ.

ಒಳಗಿನ ವ್ಯವಸ್ಥೆ ಹೀಗಿದೆ. ಹಾಲ್ ದೀಪ, ಫ್ಯಾನ್, ಪಂಪ್ ಮೂರಕ್ಕೂ ಒಂದೊಂದು ಇಎಸ್‌ಪಿ8266 (ವೈಫೈ ಇರುವ ಪುಟ್ಟ ಚಿಪ್) ಬೋರ್ಡ್, ಒಂದೊಂದು ರಿಲೇ, ಅಂದರೆ ಬೋರ್ಡ್ ಹೇಳಿದಂತೆ ಕರೆಂಟ್ ಹಾಕಿ ತೆಗೆಯುವ ಸ್ವಿಚ್. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಮಸ್ಕಿಟೋ ಬ್ರೋಕರ್, ಅಂದರೆ ಸಂದೇಶ ಪಡೆದು ಹಂಚುವ ತಂತ್ರಾಂಶ, ಓಡುತ್ತದೆ. ಆ್ಯಪ್ ಮತ್ತು ಬೋರ್ಡ್‌ಗಳು ಎಂಕ್ಯೂಟಿಟಿ ಎಂಬ ಸಂದೇಶ ವಿನಿಮಯದ ಪದ್ಧತಿಯಲ್ಲಿ ಅದರ ಮೂಲಕ ಮಾತಾಡುತ್ತವೆ. ಬಚ್ಚಲ ದೀಪ ಮಾತ್ರ ಎಲ್ಲಕ್ಕಿಂತ ಮೊದಲು ಮಾಡಿದ್ದು. ಅದಕ್ಕೆ ಆ್ಯಪ್ ನೇರವಾಗಿ 192.168.1.20 ವಿಳಾಸಕ್ಕೆ ಎಚ್‌ಟಿಟಿಪಿ (ವೆಬ್‌ಪುಟ ತರಿಸುವ ರೀತಿಯ) ಕರೆ ಕಳಿಸುತ್ತದೆ. ಆ್ಯಪ್ ಜಾವಾದಲ್ಲಿದೆ, ಎಂಕ್ಯೂಟಿಟಿಗೆ ಪಾಹೋ ಆಂಡ್ರಾಯ್ಡ್ ಸರ್ವಿಸ್ ಎಂಬ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಬಳಸಿದ್ದೇನೆ. ಅಪ್ಪ ಹೊರಗೆ ಹೋದಾಗ ಎಲ್ಲ ಆರಿಸಲು ಪೈ ಮೇಲೆ ಒಂದು ಸಣ್ಣ ಸ್ಕ್ರಿಪ್ಟ್ ಇದೆ. ಅವರ ಫೋನಿನ ಮ್ಯಾಕ್ ವಿಳಾಸ (ನೆಟ್‌ವರ್ಕ್‌ನಲ್ಲಿ ಫೋನಿನ ಗುರುತು) ವೈಫೈನಲ್ಲಿ ಕಾಣದಿದ್ದರೆ ಅವರು ಮನೆಯಲ್ಲಿಲ್ಲ ಎಂದು ಅದು ತಿಳಿಯುತ್ತದೆ.

ಹಳೆ ಫೋನ್ ಆಂಡ್ರಾಯ್ಡ್ 8. ಚಾರ್ಜ್ ನಿಲ್ಲುತ್ತಿರಲಿಲ್ಲ ಅಂತ ಆಂಡ್ರಾಯ್ಡ್ 14ರ ಹೊಸ ಫೋನ್ ತಂದೆ. ಬ್ಯಾಕಪ್‌ನಿಂದ ಫೋಟೊ, ನಂಬರು ಎಲ್ಲ ಬಂತು. ಆ್ಯಪ್ ಮಾತ್ರ ಹದಕ್ಕೆ ಬರುತ್ತಿಲ್ಲ.

ಮೊದಲು ಹಳೆ ಎಪಿಕೆಯನ್ನೇ (ಆ್ಯಪ್‌ನ ಇನ್‌ಸ್ಟಾಲ್ ಫೈಲ್) ಹಾಕಿದೆ. ಸೆಟ್ಟಿಂಗ್‌ಗಳು ತಾವಾಗಿಯೇ ಬಂದವು, ಆದರೆ ಬ್ರೋಕರ್ ಪಾಸ್‌ವರ್ಡ್ ಓದಲಾಗಲಿಲ್ಲ ಎಂಬ ದೋಷ ಬಂತು. ಮತ್ತೆ ಟೈಪ್ ಮಾಡಿದೆ. ಈಗ ಮೇಲಿನ ಪಟ್ಟಿ 'ಸಂಪರ್ಕ ಇದೆ' ಎಂದು ಹಸಿರಾಗುತ್ತದೆ, ಮರುಕ್ಷಣ 'ಸಂಪರ್ಕ ಇಲ್ಲ' ಎಂದು ಕೆಂಪಾಗುತ್ತದೆ, ಮತ್ತೆ ಹಸಿರು. ಇದು ನಿಲ್ಲುವುದೇ ಇಲ್ಲ. ಹಸಿರಿದ್ದಾಗ ಒತ್ತಿದರೆ ದೀಪ ಹತ್ತುತ್ತದೆ. ಫ್ಯಾನ್ ತಿರುಗುತ್ತಿದ್ದರೂ ಆ್ಯಪ್‌ನಲ್ಲಿ 'ಆರಿದೆ' ಅಂತಲೇ ಇದೆ.

ಆಮೇಲೆ ಕೋಡನ್ನು ಹೊಸ ಆಂಡ್ರಾಯ್ಡ್ ಸ್ಟುಡಿಯೋದಲ್ಲಿ ತೆರೆದು, ಟಾರ್ಗೆಟ್ (ಆ್ಯಪ್ ಯಾವ ಆಂಡ್ರಾಯ್ಡ್ ಆವೃತ್ತಿಯ ನಿಯಮ ಪಾಲಿಸುತ್ತದೆ ಎಂಬ ಸಂಖ್ಯೆ) 33 ಮಾಡಿ ಬಿಲ್ಡ್ ಮಾಡಿದೆ. ಅದು ಬ್ರೋಕರ್‌ಗೆ ಸೇರುವ ಹೊತ್ತಿಗೇ ಕ್ರ್ಯಾಶ್ ಆಗುತ್ತದೆ. ಲಾಗ್‌ನಲ್ಲಿ ಪೆಂಡಿಂಗ್ ಇಂಟೆಂಟ್, ಫ್ಲ್ಯಾಗ್ ಇಮ್ಮ್ಯೂಟಬಲ್ ಅಂತ ಏನೋ ಬರುತ್ತದೆ.

ಎಲ್ಲಕ್ಕಿಂತ ತಲೆಕೆಡಿಸಿದ್ದು ಇದು. ನಿನ್ನೆ ಮಧ್ಯಾಹ್ನ ಹಳೆ ಫೋನ್ ಚಾರ್ಜ್ ಮುಗಿದು ಆಫ್ ಆಯಿತು. ಸ್ವಲ್ಪ ಹೊತ್ತಿಗೆ ಫ್ಯಾನ್ ತಾನಾಗಿ ನಿಂತಿತು. ಅಪ್ಪ ಅಲ್ಲೇ ಕೂತಿದ್ದರು, ಹೊಸ ಫೋನ್ ಅವರ ಕೈಯಲ್ಲೇ ಇತ್ತು. ಸಂಜೆ ಆರೂವರೆಗೆ ಹತ್ತಬೇಕಾದ ಹಾಲ್ ದೀಪವೂ ಹತ್ತಲಿಲ್ಲ. ಹಳೆ ಫೋನ್ ಆಫ್ ಆದರೆ ಫ್ಯಾನ್ ಯಾಕೆ ನಿಲ್ಲಬೇಕು?

ಇದನ್ನೇ ರಿಪೇರಿ ಮಾಡಲಾ, ಕಾಟ್ಲಿನ್ ಭಾಷೆಯಲ್ಲಿ ಅಥವಾ ಫ್ಲಟರ್ ಎಂಬ ಟೂಲ್‌ನಲ್ಲಿ ಹೊಸದಾಗಿ ಬರೆಯಲಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಉತ್ತರ 1

ತುಂಬಾ ಚೆನ್ನಾಗಿ ವಿವರ ಕೊಟ್ಟಿದ್ದೀರಿ, ಅದರಿಂದಲೇ ಹೆಚ್ಚಿನದಕ್ಕೆ ಕಾರಣ ಸಿಗುತ್ತದೆ. ನಾನು ಆಂಡ್ರಾಯ್ಡ್ ಆ್ಯಪ್ ಬರೆಯುವ ಕೆಲಸದಲ್ಲೇ ಇದ್ದೇನೆ. ಒಂದೊಂದಾಗಿ ಬಿಡಿಸೋಣ.

ಹಸಿರು-ಕೆಂಪು ಆಟ: ಹಳೆ ಫೋನ್ ಇನ್ನೂ ಆನ್ ಇದೆ ಅಲ್ವಾ? ನಿಮ್ಮ ಆ್ಯಪ್ ಮೊದಲ ಸಲ ತೆರೆದಾಗ ಒಂದು ಕ್ಲೈಂಟ್ ಐಡಿ (ತಾನು ಯಾರೆಂದು ಬ್ರೋಕರ್‌ಗೆ ಹೇಳುವ ಗುರುತು) ಹುಟ್ಟಿಸಿ ಸೆಟ್ಟಿಂಗ್‌ನಲ್ಲಿ ಉಳಿಸಿಕೊಳ್ಳುತ್ತಿರಬೇಕು. ಬ್ಯಾಕಪ್ ಜೊತೆ ಆ ಐಡಿಯೂ ಹೊಸ ಫೋನಿಗೆ ಬಂದಿದೆ. ಎಂಕ್ಯೂಟಿಟಿ ನಿಯಮದ ಪ್ರಕಾರ ಒಂದೇ ಐಡಿಯಲ್ಲಿ ಇನ್ನೊಬ್ಬರು ಬಂದರೆ ಬ್ರೋಕರ್ ಮೊದಲಿನವರನ್ನು ಹೊರಗೆ ಹಾಕಲೇಬೇಕು. ಹೊರಗೆ ಬಿದ್ದ ಫೋನ್ ಮತ್ತೆ ಸೇರುತ್ತದೆ, ಆಗ ಇನ್ನೊಂದು ಹೊರಗೆ ಬೀಳುತ್ತದೆ. ಎರಡೂ ಫೋನ್ ಆನ್ ಇರುವ ತನಕ ಇದು ಮುಗಿಯದು. ಪೈ ಮೇಲೆ ಮಸ್ಕಿಟೋ ಲಾಗ್ ತೆರೆದು ನೋಡಿ, ಈ ಕ್ಲೈಂಟ್ ಆಗಲೇ ಇದೆ, ಹಳೆ ಸಂಪರ್ಕ ಮುಚ್ಚುತ್ತಿದ್ದೇನೆ ಎಂಬ ಸಾಲು ಉದ್ದಕ್ಕೂ ಕಾಣುತ್ತದೆ. ಆ ಐಡಿಯನ್ನು ಬ್ಯಾಕಪ್‌ನಿಂದ ಹೊರಗಿಡಿ. ಆಂಡ್ರಾಯ್ಡ್ 12ರಿಂದ ಇದಕ್ಕೆ ಡೇಟಾ ಎಕ್ಸ್‌ಟ್ರ್ಯಾಕ್ಷನ್ ರೂಲ್ಸ್ ಎಂಬ ಫೈಲ್ ಇದೆ.

ಪಾಸ್‌ವರ್ಡ್: ಅದನ್ನು ಕೀಸ್ಟೋರ್ (ಫೋನ್ ಒಳಗೆ ಕೀಲಿ ಕಾಯುವ ಭಾಗ) ಕೀಲಿಯಿಂದ ಗುಪ್ತವಾಗಿಟ್ಟಿದ್ದೀರಿ ಅನ್ನಿಸುತ್ತದೆ, ಒಳ್ಳೆಯದೇ. ಆದರೆ ಆ ಕೀಲಿ ಫೋನ್ ಬಿಟ್ಟು ಹೊರಗೆ ಬರುವುದೇ ಇಲ್ಲ, ಅದನ್ನು ಮಾಡಿದ್ದೇ ಹಾಗೆ. ಬ್ಯಾಕಪ್‌ನಲ್ಲಿ ಬೀಗ ಬಂತು, ಕೀಲಿ ಹಳೆ ಫೋನಿನಲ್ಲೇ ಉಳಿಯಿತು. ಆ ಫೈಲನ್ನೂ ಬ್ಯಾಕಪ್‌ನಿಂದ ತೆಗೆಯಿರಿ. ಹೊಸ ಫೋನಿನಲ್ಲಿ ಒಂದು ಸಲ ಟೈಪ್ ಮಾಡುವುದೇ ಸರಿ.

ಫ್ಯಾನ್ ನಿಂತದ್ದು: ಆಂಡ್ರಾಯ್ಡ್ 10ರಿಂದ ಫೋನ್‌ಗಳು ಪ್ರತಿ ವೈಫೈಗೂ ಒಂದೊಂದು ಬೇರೆ, ಯಾದೃಚ್ಛಿಕ ಮ್ಯಾಕ್ ವಿಳಾಸ ತೋರಿಸುತ್ತವೆ. ಆಂಡ್ರಾಯ್ಡ್ 8ರಲ್ಲಿ ನಿಜವಾದದ್ದೇ ಕಾಣುತ್ತಿತ್ತು. ಅದು ಹಾಗಿರಲಿ, ಹೊಸ ಫೋನ್ ಅಂದರೆ ಹೇಗೂ ಬೇರೆ ವಿಳಾಸ. ನಿಮ್ಮ ಸ್ಕ್ರಿಪ್ಟ್ ಇನ್ನೂ ಹಳೆ ಫೋನನ್ನೇ ಹುಡುಕುತ್ತಿದೆ. ಅದು ಆಫ್ ಆದ ಕೂಡಲೇ ಅಪ್ಪ ಹೊರಗೆ ಹೋದರು ಎಂದುಕೊಂಡು ಎಲ್ಲ ಆರಿಸಿದೆ. ಸದ್ಯಕ್ಕೆ ಹೊಸ ಫೋನಿನಲ್ಲಿ ಮನೆಯ ವೈಫೈ ಸೆಟ್ಟಿಂಗ್ ತೆರೆದು, ಪ್ರೈವಸಿಯಲ್ಲಿ ಸಾಧನದ ಮ್ಯಾಕ್ ಬಳಸಿ ಎಂಬುದನ್ನು ಆಯ್ಕೆ ಮಾಡಿ, ಆ ವಿಳಾಸವನ್ನು ಸ್ಕ್ರಿಪ್ಟ್‌ಗೆ ಹಾಕಿ. ಆದರೆ ನನ್ನ ಮಾತು ಕೇಳುವುದಾದರೆ ಆ ಸ್ಕ್ರಿಪ್ಟನ್ನೇ ಇವತ್ತು ನಿಲ್ಲಿಸಿ. ಫೋನ್ ನಿದ್ದೆಗೆ ಜಾರಿ ವೈಫೈನಲ್ಲಿ ಕಾಣದೇ ಹೋಗಬಹುದು. ಒಬ್ಬರು ಕೂತಿರುವ ಕೋಣೆಯ ಫ್ಯಾನನ್ನು ಅಂಥ ಊಹೆಯ ಮೇಲೆ ಆರಿಸಬಾರದು.

ಆರೂವರೆಯ ದೀಪ: ಆ ಅಲಾರ್ಮ್ ಆ್ಯಪ್ ಒಳಗೇ ಇದೆ, ಹಳೆ ಫೋನಿನಲ್ಲಿ. ಫೋನ್ ಆಫ್, ಅಲಾರ್ಮೂ ಆಫ್.

ಇನ್ನು ಕ್ರ್ಯಾಶ್. ಆಂಡ್ರಾಯ್ಡ್ 12ರ ನಿಯಮ ಅದು: ಟಾರ್ಗೆಟ್ 31 ಅಥವಾ ಅದಕ್ಕಿಂತ ಹೆಚ್ಚಾದರೆ ಪ್ರತಿ ಪೆಂಡಿಂಗ್ ಇಂಟೆಂಟ್ (ಮುಂದೆ ನಡೆಸಲು ಸಿಸ್ಟಂಗೆ ಕೊಟ್ಟಿಡುವ ಕೆಲಸ) ಬದಲಾಗಬಹುದೋ ಇಲ್ಲವೋ ಎಂದು ಹೇಳಲೇಬೇಕು. ಪಾಹೋ ಆಂಡ್ರಾಯ್ಡ್ ಸರ್ವಿಸ್ ಅದಕ್ಕಿಂತ ಹಳೆಯದು, ಅದರ ಪಿಂಗ್ (ಸಂಪರ್ಕ ಇನ್ನೂ ಇದೆ ಎಂಬ ಸಂದೇಶ) ಕಳಿಸುವ ಭಾಗ ಇದನ್ನು ಹೇಳುವುದಿಲ್ಲ. ಅಲ್ಲಿ ಫ್ಲ್ಯಾಗ್ ಸೇರಿಸಿದರೆ ಮುಂದೆ ಎಕ್ಸ್ಯಾಕ್ಟ್ ಅಲಾರ್ಮ್ (ಹೇಳಿದ ಕ್ಷಣಕ್ಕೇ ಎಬ್ಬಿಸುವ) ಅನುಮತಿ ಅಡ್ಡ ಬರುತ್ತದೆ, ಆಂಡ್ರಾಯ್ಡ್ 14ರಲ್ಲಿ ಅದು ತಾನಾಗಿ ಸಿಗುವುದಿಲ್ಲ. ಟಾರ್ಗೆಟ್ 34ಕ್ಕೆ ಹೋದರೆ ರಿಸೀವರ್ (ಸಿಸ್ಟಂ ಸಂದೇಶ ಕೇಳುವ ಭಾಗ) ರಿಜಿಸ್ಟರ್ ಮಾಡುವ ಸಾಲೂ ಬಿದ್ದುಹೋಗುತ್ತದೆ. ತೇಪೆ ಹಾಕುತ್ತಾ ಹೋಗಬೇಕಾಗುತ್ತದೆ. ಬೇಡ. ಆ ಲೈಬ್ರರಿ ತೆಗೆದು ಹೈವ್‌ಎಂಕ್ಯೂ ಕ್ಲೈಂಟ್ ಹಾಕಿ. ಅದು ಬರಿ ಜಾವಾ ಲೈಬ್ರರಿ, ತಾನಾಗಿ ಮರುಸಂಪರ್ಕ ಮಾಡುವ ಹಾಗೆ ಹೊಂದಿಸಬಹುದು.

ಅದು ಸರಿಹೋದ ಮೇಲೆ ಬಚ್ಚಲ ದೀಪ ಕೆಲಸ ನಿಲ್ಲಿಸುತ್ತದೆ, ಈಗಲೇ ಹೇಳಿಬಿಡುತ್ತೇನೆ. ಟಾರ್ಗೆಟ್ 28ರಿಂದ ಆಂಡ್ರಾಯ್ಡ್ ಬರಿ (ಗುಪ್ತಲಿಪಿ ಇಲ್ಲದ) ಎಚ್‌ಟಿಟಿಪಿ ಕರೆಗಳನ್ನು ತಡೆಯುತ್ತದೆ. ನೆಟ್‌ವರ್ಕ್ ಸೆಕ್ಯೂರಿಟಿ ಕಾನ್ಫಿಗ್ ಫೈಲಿನಲ್ಲಿ ಆ ಒಂದು ವಿಳಾಸಕ್ಕೆ ಮಾತ್ರ ಅನುಮತಿ ಕೊಡಬಹುದು. ಇಡೀ 192.168 ಸಾಲಿಗೆ ಒಟ್ಟಿಗೆ ಕೊಡಲು ಬರುವುದಿಲ್ಲ, ಒಂದೊಂದೇ ಬರೆಯಬೇಕು.

ಭಾಷೆಯ ವಿಚಾರ: ಅಪ್ಪನದು ಆಂಡ್ರಾಯ್ಡ್ ಫೋನ್ ಮಾತ್ರವಾದರೆ ಕಾಟ್ಲಿನ್ ಸಾಕು. ಐಫೋನಿನಲ್ಲೂ ಬೇಕಿದ್ದರೆ ಫ್ಲಟರ್ ನೋಡಿ. ನಾಲ್ಕು ಬಟನ್‌ಗೆ ಎರಡೂ ಸುಲಭವೇ. ನಿಮಗೆ ಜಾವಾ ಗೊತ್ತಿದೆ, ಕಾಟ್ಲಿನ್ ಬೇಗ ಕೈಗೆ ಹತ್ತುತ್ತದೆ.

ಉತ್ತರ 2

ಮೇಲಿನವರು ಫೋನ್ ಕಡೆಯದನ್ನು ಸರಿಯಾಗಿ ಹೇಳಿದ್ದಾರೆ. ನಾನು ಬೋರ್ಡ್ ಕಡೆಯವನು. ನನ್ನ ಪ್ರಕಾರ ಹೊಸ ಆ್ಯಪ್ ಬರೆಯುವ ಮುಂಚೆ ಬೋರ್ಡ್‌ಗಳ ಕೋಡ್ ಬದಲಾಗಬೇಕು.

ಫ್ಯಾನ್ ತಿರುಗುತ್ತಿದ್ದರೂ 'ಆರಿದೆ' ಅಂತ ಯಾಕೆ ತೋರಿಸುತ್ತದೆ ನೋಡಿ. ನೀವು ಬಟನ್ ಒತ್ತಿದಾಗ 'ಬದಲಿಸು' ಎಂದು ಕಳಿಸಿ, ಈಗ ಹತ್ತಿದೆಯೋ ಆರಿದೆಯೋ ಎಂಬುದನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೀರಿ. ಫೋನ್ ಬದಲಾದರೆ ಆ ಲೆಕ್ಕ ತಪ್ಪುತ್ತದೆ. ಇಬ್ಬರ ಫೋನಿನಲ್ಲಿ ಆ್ಯಪ್ ಇದ್ದರಂತೂ ದಿನವೂ ತಪ್ಪುತ್ತದೆ. ಫ್ಯಾನ್ ಹೇಗಿದೆ ಎಂದು ಹೇಳಬೇಕಾದದ್ದು ಫ್ಯಾನಿನ ರಿಲೇ.

ಪ್ರತಿ ಸಾಧನಕ್ಕೂ ಎರಡು ಟಾಪಿಕ್ (ಬ್ರೋಕರ್‌ನಲ್ಲಿ ಸಂದೇಶದ ವಿಳಾಸ) ಮಾಡಿ. ಫ್ಯಾನಿಗೆ 'ಮನೆ/ಹಾಲ್/ಫ್ಯಾನ್/ಆಜ್ಞೆ', 'ಮನೆ/ಹಾಲ್/ಫ್ಯಾನ್/ಸ್ಥಿತಿ'. ಆ್ಯಪ್ ಆಜ್ಞೆಗೆ 'ಹತ್ತಿಸು' ಅಥವಾ 'ಆರಿಸು' ಎಂದು ಸ್ಪಷ್ಟವಾಗಿ ಬರೆಯಲಿ, 'ಬದಲಿಸು' ಬೇಡ. ಬೋರ್ಡ್ ರಿಲೇ ಎಳೆದ ಮೇಲೆ ತಾನೇ ಸ್ಥಿತಿಗೆ ಬರೆಯಲಿ, ರಿಟೇನ್ ಹಾಕಿ. ರಿಟೇನ್ ಇದ್ದರೆ ಬ್ರೋಕರ್ ಕೊನೆಯ ಸಂದೇಶ ಹಿಡಿದಿಟ್ಟುಕೊಂಡು, ಹೊಸದಾಗಿ ಬಂದ ಯಾವ ಫೋನಿಗೂ ತಕ್ಷಣ ಕೊಡುತ್ತದೆ. ಬೋರ್ಡಿನಲ್ಲಿ ಎಂಕ್ಯೂಟಿಟಿಗೆ ಪಬ್‌ಸಬ್‌ಕ್ಲೈಂಟ್ ಲೈಬ್ರರಿ ಬಳಸುತ್ತಿದ್ದರೆ ಪಬ್ಲಿಷ್‌ನ ಮೂರನೇ ಜಾಗದಲ್ಲಿ ಟ್ರೂ ಎಂದು ಕೊಟ್ಟರೆ ಮುಗಿಯಿತು.

ಈಗ ಹೇಳುವುದನ್ನು ಮಾತ್ರ ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಆಜ್ಞೆಯ ಟಾಪಿಕ್‌ಗೆ ರಿಟೇನ್ ಹಾಕಲೇಬೇಡಿ. ಪಂಪ್ 'ಹತ್ತಿಸು' ಎಂಬ ಆಜ್ಞೆ ಬ್ರೋಕರ್‌ನಲ್ಲಿ ಉಳಿದುಬಿಟ್ಟರೆ ಏನಾಗುತ್ತದೆ? ಕರೆಂಟ್ ಹೋಗಿ ಬಂದಾಗ ಬೋರ್ಡ್ ಮತ್ತೆ ಸೇರುತ್ತದೆ, ಬ್ರೋಕರ್ ಆ ಹಳೆ ಆಜ್ಞೆಯನ್ನು ಕೊಡುತ್ತದೆ, ಯಾರೂ ಒತ್ತದೆ ಪಂಪ್ ಓಡತೊಡಗುತ್ತದೆ. ರಾತ್ರಿಯೂ ಆಗಬಹುದು, ಮನೆಯಲ್ಲಿ ಯಾರೂ ಇಲ್ಲದಾಗಲೂ ಆಗಬಹುದು. ಈಗಾಗಲೇ ಹಾಗೆ ಉಳಿದಿದ್ದರೆ ಅದೇ ಟಾಪಿಕ್‌ಗೆ ಖಾಲಿ ಸಂದೇಶವನ್ನು ರಿಟೇನ್ ಹಾಕಿ ಕಳಿಸಿ, ಅಳಿಸಿಹೋಗುತ್ತದೆ. ಪಂಪಿಗೆ ಇನ್ನೂ ಒಂದು ಕಾವಲು ಬೇಕು. ಎಷ್ಟು ಹೊತ್ತು ಓಡಬಹುದು ಎಂಬ ಮಿತಿ ಬೋರ್ಡಿನೊಳಗೇ ಇರಲಿ. ವೈಫೈ ಸತ್ತರೂ, ಬ್ರೋಕರ್ ಬಿದ್ದರೂ ಆ ಹೊತ್ತಿಗೆ ಅದು ನಿಲ್ಲಲೇಬೇಕು.

ಬೋರ್ಡ್ ಸೇರುವಾಗ ಕೊನೆಯ ಮಾತನ್ನೂ ಬ್ರೋಕರ್ ಬಳಿ ಬಿಟ್ಟಿರಲಿ, ಲಾಸ್ಟ್ ವಿಲ್ ಎನ್ನುತ್ತಾರೆ. ಬೋರ್ಡ್ ಸತ್ತರೆ ಬ್ರೋಕರ್ ಅದರ ಪರವಾಗಿ 'ಇಲ್ಲ' ಎಂದು ಸಾರುತ್ತದೆ. ಪಬ್‌ಸಬ್‌ಕ್ಲೈಂಟ್‌ನ ಕೀಪ್ ಅಲೈವ್ (ಬೋರ್ಡ್ ಸದ್ದು ಮಾಡದೆ ಇರಬಹುದಾದ ಹೊತ್ತು) ಸಾಮಾನ್ಯವಾಗಿ 15 ಸೆಕೆಂಡ್. ಅದರ ಒಂದೂವರೆ ಪಟ್ಟು ಹೊತ್ತು ಸದ್ದಿಲ್ಲದಿದ್ದರೆ ಬೋರ್ಡ್ ಹೋಯಿತು ಎಂದು ಬ್ರೋಕರ್ ತೀರ್ಮಾನಿಸುತ್ತದೆ. ಆಗ ಆ್ಯಪ್‌ನಲ್ಲಿ ಆ ಬಟನ್ ಬೂದು ಬಣ್ಣಕ್ಕೆ ತಿರುಗಲಿ. ಒತ್ತಿದರೂ ಏನೂ ಆಗದ ಬಟನ್ ಹಿರಿಯರನ್ನು ತುಂಬಾ ಗೊಂದಲಕ್ಕೆ ಹಾಕುತ್ತದೆ.

ರಿಲೇ ಯಾವ ಪಿನ್ನಿಗೆ ಕೊಟ್ಟಿದ್ದೀರಿ? ಇಎಸ್‌ಪಿ8266ರಲ್ಲಿ ಜಿಪಿಐಒ 0, 2, 15 ಬೂಟ್ ಆಗುವ ರೀತಿಯನ್ನು ನಿರ್ಧರಿಸುವ ಪಿನ್‌ಗಳು. ಅಲ್ಲಿ ರಿಲೇ ಇದ್ದರೆ ಕರೆಂಟ್ ಬಂದಾಗ ಟಕ್ ಅಂತ ಒಮ್ಮೆ ಎಳೆಯಬಹುದು, ಇಲ್ಲವೇ ಬೋರ್ಡೇ ಏಳದಿರಬಹುದು. 4 ಮತ್ತು 5 ಒಳ್ಳೆಯವು. ನೋಡ್‌ಎಂಸಿಯು ಎಂಬ ಇಎಸ್‌ಪಿ8266 ಬೋರ್ಡಿನಲ್ಲಿ ಅವನ್ನು ಡಿ2, ಡಿ1 ಎಂದು ಬರೆದಿರುತ್ತಾರೆ.

ಕೊನೆಗೆ, ಗೋಡೆಯ ಸ್ವಿಚ್‌ಗಳು ಈಗಲೂ ಕೆಲಸ ಮಾಡುತ್ತವೆಯಾ? ಮಾಡದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಸರಿ ಮಾಡಿಸಿ. ಫೋನ್ ಕೈಗೆ ಸಿಗದ ಹೊತ್ತಿನಲ್ಲೂ ದೀಪ ಹತ್ತಬೇಕು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ತುಂಬಾ ತುಂಬಾ ಧನ್ಯವಾದ. ಹಳೆ ಫೋನಿನಲ್ಲಿ ಆ್ಯಪ್ ತೆಗೆದುಹಾಕಿದೆ, ಹಸಿರು ನಿಂತಿತು! ಮಸ್ಕಿಟೋ ಲಾಗ್‌ನಲ್ಲಿ ನೀವು ಹೇಳಿದ ಸಾಲೇ ಪುಟಗಟ್ಟಲೆ ಇತ್ತು. ಆರಿಸುವ ಸ್ಕ್ರಿಪ್ಟನ್ನೂ ನಿಲ್ಲಿಸಿದ್ದೇನೆ. ಗೋಡೆಯ ಸ್ವಿಚ್ ಮೂರು ಕಡೆ ಕೆಲಸ ಮಾಡುತ್ತವೆ, ಪಂಪಿಗೆ ಮಾತ್ರ ಇಲ್ಲ. ಅದನ್ನು ಮಾಡಿಸುತ್ತೇನೆ. ಪಂಪಿನ ರಿಲೇ ಡಿ1ರಲ್ಲಿದೆ, ನೆಮ್ಮದಿಯಾಯಿತು.

ಎರಡು ಸಂದೇಹ ಉಳಿದಿವೆ. ಟ್ಯಾಂಕ್ ತುಂಬಿದಾಗ 'ಪಂಪ್ ನಿಂತಿದೆ' ಎಂಬ ಸೂಚನೆ ಬರುತ್ತಿತ್ತು. ಹೊಸ ಫೋನಿನಲ್ಲಿ ಆ್ಯಪ್ ತೆರೆದಿದ್ದರೆ ಬರುತ್ತದೆ, ಫೋನ್ ಮೇಜಿನ ಮೇಲಿಟ್ಟು ಅರ್ಧ ಗಂಟೆ ಬಿಟ್ಟರೆ ಬರುವುದಿಲ್ಲ. ಇನ್ನೊಂದು ಸಣ್ಣದು. ಅಪ್ಪ ಹೊಸ ಫೋನಿನಲ್ಲಿ ಅಕ್ಷರದ ಗಾತ್ರ ಪೂರ್ತಿ ದೊಡ್ಡದು ಮಾಡಿಕೊಂಡಿದ್ದಾರೆ. ಈಗ 'ಬಚ್ಚಲ ದೀಪ' ಬಟನ್‌ನಲ್ಲಿ 'ಚ್ಚ'ದ ಒತ್ತು ಕೆಳಗೆ ಕತ್ತರಿಸಿಹೋಗಿ 'ಬಚಲ ದೀಪ' ಅಂತ ಕಾಣುತ್ತದೆ.

ಉತ್ತರ 3

ಒಂದು ಬೇರೆ ದಾರಿ ಹೇಳಲಾ? ಹೋಮ್ ಅಸಿಸ್ಟೆಂಟ್ ನೋಡಿದ್ದೀರಾ? ಮನೆಯ ಸಾಧನಗಳನ್ನು ನಡೆಸುವ, 2013ರಲ್ಲಿ ಶುರುವಾದ ಮುಕ್ತ ತಂತ್ರಾಂಶ, ನಿಮ್ಮ ಪೈ ಮೇಲೇ ಓಡಬಹುದು. ಪೈ ತುಂಬಾ ಹಳೆಯದಾದರೆ ಕಷ್ಟ, ಪೈ 4 ಇದ್ದರೆ ಆರಾಮ. ಮಸ್ಕಿಟೋ ಜೊತೆ ಸಲೀಸಾಗಿ ಹೊಂದುತ್ತದೆ. ಆರೂವರೆಯ ದೀಪ, ಪಂಪಿನ ಸೂಚನೆ ಎಲ್ಲ ಅದೇ ನೋಡಿಕೊಳ್ಳುತ್ತದೆ. ಆರೂವರೆ ಅನ್ನುವ ಬದಲು ಸೂರ್ಯ ಮುಳುಗುವ ಹೊತ್ತಿಗೆ ಎಂದೂ ಹೇಳಬಹುದು. ಅದರ ಫೋನ್ ಆ್ಯಪ್ ಸಿದ್ಧವಾಗಿಯೇ ಇದೆ. ಇಷ್ಟೆಲ್ಲ ಇರುವಾಗ ಸ್ವಂತ ಆ್ಯಪ್ ಯಾಕೆ ಬರೆಯಬೇಕು?

ಪ್ರಶ್ನೆ ಕೇಳಿದವರಿಂದ

ನೋಡಿದ್ದೇನೆ, ನನಗೂ ಇಷ್ಟ. ಆದರೆ ಅಪ್ಪನಿಗೆ ಅದರ ಪರದೆ ಕೊಟ್ಟಾಗ ಪಕ್ಕಕ್ಕೆ ಸರಿದ ಮೆನು, ಗ್ರಾಫು, ಇನ್ನೊಂದು ಪುಟ ಇವುಗಳಲ್ಲಿ ಕಳೆದುಹೋದರು. ಅವರಿಗೆ ಬೇಕಾದದ್ದು ನಾಲ್ಕು ಬಟನ್, ಪರದೆಯ ತುಂಬ. ತಪ್ಪಿ ಎಲ್ಲಿ ಒತ್ತಿದರೂ ಬೇರೆ ಪುಟಕ್ಕೆ ಹೋಗಬಾರದು. ನಮ್ಮಪ್ಪನ ಬೆರಳು ಸ್ವಲ್ಪ ನಡುಗುತ್ತದೆ. ಅದಕ್ಕೇ ಬಟನ್‌ಗಳ ನಡುವೆ ಖಾಲಿ ಜಾಗ ಬಿಟ್ಟಿದ್ದೇನೆ, ಒಂದೇ ಬಟನ್ ಬೇಗ ಎರಡು ಸಲ ತಾಗಿದರೆ ಎರಡನೆಯದನ್ನು ಬಿಟ್ಟುಬಿಡುವ ಹಾಗೆ ಬರೆದಿದ್ದೇನೆ. ಇಂಥದ್ದನ್ನು ಸಿದ್ಧ ಆ್ಯಪ್‌ನಲ್ಲಿ ಹೇಗೆ ತರಲಿ? ಅವರಿಗೆ ಹೊಂದುವ ಆ್ಯಪನ್ನು ನಾನೇ ಬರೆಯಬೇಕು, ಆ ಕೆಲಸ ನನಗೆ ಖುಷಿಯದ್ದೂ ಹೌದು.

ಉತ್ತರ 3

ಹಾಗಾದರೆ ಬಿಡಬೇಡಿ, ಬರೆಯಿರಿ. ನಿಮ್ಮ ಮಾತು ಒಪ್ಪಿದೆ. ಹೋಮ್ ಅಸಿಸ್ಟೆಂಟನ್ನು ಪರದೆಗಾಗಿ ಬಳಸದೆ, ಹಿಂದೆ ನಿಂತು ನಿಯಮಗಳನ್ನು ನಡೆಸಲು ಮಾತ್ರ ಇಟ್ಟುಕೊಳ್ಳಿ. ಆ್ಯಪ್ ಈಗಿನ ಹಾಗೆಯೇ ಮಸ್ಕಿಟೋ ಜೊತೆ ಮಾತಾಡಲಿ. ಮುಂದೆ ಇನ್ನೊಂದು ಫೋನ್ ಬಂದರೂ ಆರೂವರೆಯ ದೀಪಕ್ಕೆ ಏನೂ ಆಗುವುದಿಲ್ಲ.

ಪೈ ಅಪ್‌ಡೇಟ್ ಮಾಡುವುದಾದರೆ ಒಂದು ಎಚ್ಚರ. ಮಸ್ಕಿಟೋ 2.0ರಿಂದ, ಕಾನ್ಫಿಗ್‌ನಲ್ಲಿ 'ಲಿಸನರ್ 1883' (1883 ಎಂಕ್ಯೂಟಿಟಿಯ ಪೋರ್ಟ್) ಎಂದು ಬರೆಯದಿದ್ದರೆ ಅದು ಪೈ ಒಳಗಿನ ಸಂಪರ್ಕ ಮಾತ್ರ ಒಪ್ಪುತ್ತದೆ. ಎಲ್ಲ ಬೋರ್ಡ್‌ಗಳೂ ಒಟ್ಟಿಗೆ ಸತ್ತಂತೆ ಕಾಣುತ್ತದೆ, ಗಾಬರಿಯಾಗಬೇಡಿ. ಹೊರಗಿನಿಂದ ಮನೆಯ ಪಂಪ್ ನೋಡಬೇಕು ಅನ್ನಿಸಿದರೆ ರೌಟರ್‌ನಲ್ಲಿ 1883 ಪೋರ್ಟ್ ತೆರೆಯಬೇಡಿ, ವೈರ್‌ಗಾರ್ಡ್ ವಿಪಿಎನ್ (ಹೊರಗಿನಿಂದ ಮನೆಯ ನೆಟ್‌ವರ್ಕ್‌ಗೆ ಸುರಕ್ಷಿತ ದಾರಿ) ಹಾಕಿ.

ಉತ್ತರ 1

ಸೂಚನೆ ಬರದಿರುವುದು ಡೋಜ್ ಎಂಬ ಬ್ಯಾಟರಿ ಉಳಿಸುವ ವ್ಯವಸ್ಥೆಯಿಂದ. ಫೋನ್ ಅಲ್ಲಾಡದೆ, ಪರದೆ ಆರಿ ಬಿದ್ದಿದ್ದರೆ ಆಂಡ್ರಾಯ್ಡ್ ಆ್ಯಪ್‌ಗಳ ನೆಟ್‌ವರ್ಕ್ ಕಟ್ ಮಾಡುತ್ತದೆ. ಆಂಡ್ರಾಯ್ಡ್ 6ರಿಂದಲೇ ಇದೆ, ಆಮೇಲೆ ಇನ್ನೂ ಬಿಗಿಯಾಯಿತು. ಎರಡು ದಾರಿ ಇವೆ. ಒಂದು, ಫೋರ್‌ಗ್ರೌಂಡ್ ಸರ್ವಿಸ್ (ಆ್ಯಪ್ ಪರದೆಯಲ್ಲಿ ಇಲ್ಲದಿದ್ದರೂ ಓಡುವ ಭಾಗ) ಇಟ್ಟು ಸಂಪರ್ಕ ಜೀವಂತವಾಗಿಡುವುದು. ಟಾರ್ಗೆಟ್ 34ರಲ್ಲಿ ಅದು ಯಾವ ಬಗೆಯದು ಎಂದು ಹೇಳಬೇಕು, ನಿಮ್ಮದಕ್ಕೆ ಕನೆಕ್ಟೆಡ್ ಡಿವೈಸ್ ಹೊಂದುತ್ತದೆ. ಹಾಗಿದ್ದರೂ ಬ್ಯಾಟರಿ ಆಪ್ಟಿಮೈಸೇಶನ್‌ನಿಂದ ವಿನಾಯಿತಿ ಕೇಳಬೇಕು, ಸೂಚನೆಯ ಪಟ್ಟಿಯಲ್ಲಿ ಒಂದು ಐಕಾನ್ ಸದಾ ಕೂತಿರುತ್ತದೆ. ಎರಡು, ಪಂಪ್ ನಿಂತಾಗ ಪೈ ಒಂದು ಪುಶ್ ಸಂದೇಶ ಕಳಿಸುವುದು. ಹೆಚ್ಚು ಆದ್ಯತೆಯ ಪುಶ್ ಫೋನನ್ನು ಡೋಜ್‌ನಿಂದ ಎಬ್ಬಿಸುತ್ತದೆ. ನನಗೆ ಎರಡನೆಯದು ಇಷ್ಟ. ಹೋಮ್ ಅಸಿಸ್ಟೆಂಟ್ ಹಾಕಿದರೆ ಅದರ ಫೋನ್ ಆ್ಯಪ್ ಸುಮ್ನೆ ಇನ್‌ಸ್ಟಾಲ್ ಆಗಿರಲಿ, ಪುಶ್ ಅದರ ಮೂಲಕವೇ ಬರುತ್ತದೆ. ಅಪ್ಪ ಅದನ್ನು ತೆರೆಯಬೇಕಾಗಿಲ್ಲ. ಹೊಸ ಆ್ಯಪ್ ಸೂಚನೆ ತೋರಿಸಬೇಕಾದರೆ ಆಂಡ್ರಾಯ್ಡ್ 13ರಿಂದ ಅನುಮತಿ ಕೇಳಲೇಬೇಕು, ಅದನ್ನೂ ಬರೆದುಕೊಳ್ಳಿ.

ಒತ್ತಕ್ಷರದ ಸಮಸ್ಯೆ ಸಣ್ಣದಲ್ಲ, ಕನ್ನಡದ ಆ್ಯಪ್‌ಗಳಲ್ಲಿ ಬಹಳ ಕಡೆ ಕಾಣುತ್ತದೆ. ಬಟನ್‌ಗೆ ನಿಗದಿತ ಎತ್ತರ ಕೊಟ್ಟಿರುತ್ತೀರಿ. ಆಂಡ್ರಾಯ್ಡ್ 14ರಲ್ಲಿ ಅಕ್ಷರ 200 ಶೇಕಡಾವರೆಗೆ ಬೆಳೆಯಬಹುದು, ಬಟನ್ ಮಾತ್ರ ಅಷ್ಟೇ ಇರುತ್ತದೆ. ನಿಗದಿತ ಎತ್ತರ ತೆಗೆದು ಕನಿಷ್ಠ ಎತ್ತರ ಮಾತ್ರ ಕೊಡಿ, ಉಳಿದದ್ದು ಅಕ್ಷರಕ್ಕೆ ತಕ್ಕಂತೆ ಬೆಳೆಯಲಿ. ಸಾಲಿನ ಎತ್ತರವನ್ನು ಕೈಯಿಂದ ಹೊಂದಿಸಬೇಡಿ. ಇನ್‌ಕ್ಲೂಡ್ ಫಾಂಟ್ ಪ್ಯಾಡಿಂಗ್ (ಅಕ್ಷರದ ಮೇಲೆ ಕೆಳಗೆ ಜಾಗ ಬಿಡುವ ಆಯ್ಕೆ) ಆಫ್ ಮಾಡಿದ್ದರೆ ಮತ್ತೆ ಆನ್ ಮಾಡಿ, ಒತ್ತುಗಳಿಗೆ ಆ ಜಾಗ ಬೇಕು. ಪರೀಕ್ಷೆಗೆ 'ಬಚ್ಚಲು', 'ಅಡ್ಡಗೋಡೆ', 'ಸ್ತ್ರೀ' ಇಂಥ ಪದಗಳನ್ನು ಪೂರ್ತಿ ದೊಡ್ಡ ಅಕ್ಷರದಲ್ಲಿ ಹಾಕಿ ನೋಡಿ. 'ಸ್ತ್ರೀ'ಯಲ್ಲಿ ಎರಡು ಒತ್ತು ಇವೆ. ಅದು ಪೂರ್ತಿ ಕಂಡರೆ ಉಳಿದವೂ ಕಾಣುತ್ತವೆ.

ಮತ್ತೆ, ಆ್ಯಪ್‌ಗೆ ಸಹಿ ಹಾಕುವ ಕೀಲಿಯ ಫೈಲನ್ನು ಇವತ್ತೇ ಲ್ಯಾಪ್‌ಟಾಪ್‌ನಿಂದ ಬೇರೆ ಕಡೆ ನಕಲು ಮಾಡಿಡಿ. ಡೀಬಗ್ ಕೀಲಿಯಿಂದಲೇ ನಡೆಸುತ್ತಿದ್ದರೆ ಅದು ಹೋಮ್ ಫೋಲ್ಡರ್ ಒಳಗಿನ ಆಂಡ್ರಾಯ್ಡ್ ಎಂಬ ಅಡಗಿದ ಫೋಲ್ಡರ್‌ನಲ್ಲಿರುತ್ತದೆ. ಲ್ಯಾಪ್‌ಟಾಪ್ ಹೋದರೆ ಬೇರೆ ಸಹಿಯ ಆ್ಯಪ್ ಹಳೆಯದರ ಮೇಲೆ ಕೂರುವುದಿಲ್ಲ, ಮೊದಲಿನದನ್ನು ಅಳಿಸಿ ಎಲ್ಲ ಸೆಟ್ಟಿಂಗ್ ಮತ್ತೆ ಹಾಕಬೇಕಾಗುತ್ತದೆ. ಕಾಟ್ಲಿನ್ ಕೋಡ್ ಬರೆಯಲು ಶುರು ಮಾಡಿದ ಮೇಲೆ ಇಲ್ಲೇ ಹಾಕಿ, ಸಂಪರ್ಕದ ಭಾಗವನ್ನು ನಾನು ಖಂಡಿತ ನೋಡುತ್ತೇನೆ.